ಇನ್ನು ಏಳೇ ದಿನ

ಮಾರ್ಚ್ 4

ಎರಡು ಪ್ಯಾಂಟಿನ ಅಂಚು, ಒಂದು ಕೋಟಿನ ಲೈನಿಂಗ್. ಬೆಳಗಿನಿಂದ ಇಷ್ಟೇ ಕೆಲಸ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ವ್ಯಾಪಾರ ಬೆಳೆಸೋದು ಹೇಗೆ ಅನ್ನೋ ಆನ್‌ಲೈನ್ ಕ್ಲಾಸು. ಕೋಚ್ ಸರ್ ಇವತ್ತು ನನ್ನನ್ನೇ ಹಿಡಿದರು.

"ಮೇಡಂ, ನಿಮ್ಮ ಟೈಲರಿಂಗ್ ಶಾಪಲ್ಲಿ ಅರ್ಜೆನ್ಸಿನೇ ಇಲ್ಲ. ಮುಚ್ತಿದೀವಿ, ಇನ್ನು ಏಳೇ ದಿನ ಅಂತ ಹಾಕಿ. ಜನ ಮುಗಿಬೀಳ್ತಾರೆ."

"ಮುಚ್ತಿಲ್ವಲ್ಲ ಸರ್?"

"ಏಳನೇ ದಿನ 'ನಿಮ್ಮ ಪ್ರೀತಿಗೆ ಸೋತು ಮುಂದುವರಿಸ್ತಿದೀವಿ' ಅಂತ ಹಾಕೋದು!"

ಎಲ್ಲರೂ ಚಪ್ಪಾಳೆ ಚಿತ್ರ ಒತ್ತಿದರು. ನಾನೂ ಒತ್ತಿದೆ. ಥೂ.

ಮನೆಗೆ ಬಂದರೆ ಅತ್ತೆ — "ಅಂಚು ಹೊಲಿಯೋ ಆ ಓವರ್‌ಲಾಕ್ ಮಷೀನ್ ಯಾವಾಗ ಬರುತ್ತಮ್ಮಾ?" ಆ ದುಡ್ಡೇ ಈ ಕೋಚಿಂಗ್ ಫೀಸಿಗೆ ಹೋಗಿದ್ದು. "ಸ್ಟಾಕ್ ಇಲ್ವಂತೆ ಅತ್ತೆ" ಅಂದೆ. ಯಜಮಾನರಿಗೂ ಹೇಳಿಲ್ಲ. ಲಾರಿ ಹತ್ತಿದರೆ ವಾರಗಟ್ಟಲೆ ಬರಲ್ಲ, ಅದೊಂದು ಪುಣ್ಯ.

ಮಾರ್ಚ್ 6

ಅಂಗಡಿ ಮುಚ್ಚೋ ನೋಟಿಸ್ ಬರೆದು ಕೋಚ್ ಸರ್‌ಗೆ ಕಳಿಸಿದೆ. ಡ್ರೈ ಆಗಿದೆಯಂತೆ. "ಕಣ್ಣೀರು ಬೇಕು ಮೇಡಂ. ಮನೇಲಿ ವಯಸ್ಸಾದವರು ಯಾರಿದಾರೆ?"

ಹೇಳಿಬಿಟ್ಟೆ. ಅಂಗಡಿ ಹಾಕಿದ್ದೇ ಅತ್ತೆ, ನನಗೆ ಕತ್ತರಿ ಹಿಡಿಯೋದು ಕಲಿಸಿದ್ದೂ ಅವರೇ, ಮಂಡಿ ನೋವಂತ ಈಗ ಇತ್ತ ಬರೋದೇ ಇಲ್ಲ... ಕೋಚ್ ಸರ್ ತಾವೇ ಎರಡನೇ ಸಾಲು ಸೇರಿಸಿ ಕಳಿಸಿದರು. 'ಹಾಸಿಗೆ ಹಿಡಿದಿರುವ ಅತ್ತೆಯವರ ಕೊನೆಯ ದಿನಗಳಲ್ಲಿ ಅವರ ಜೊತೆಗಿರಲು.'

ಎರಡು ಸಲ ಓದಿ ಫೋನ್ ಮಗುಚಿ ಇಟ್ಟೆ. ಆದರೂ ಪ್ರಿಂಟ್ ತೆಗೆಸಿ ಗಾಜಿನ ಬಾಗಿಲಿಗೆ ಅಂಟಿಸಿದೆ. ಅಷ್ಟು ದುಡ್ಡು ಸುರಿದ ಮೇಲೆ ಹೇಳಿದ್ದು ಕೇಳದಿದ್ದರೆ ಹೇಗೆ ಅನ್ನೋ ಬುದ್ಧಿ. ಬುದ್ಧಿಯಂತೆ ಬುದ್ಧಿ.

ಮಾರ್ಚ್ 9

ಜನ ಮುಗಿಬಿದ್ದರು, ನಿಜ. ಹೊಲಿಸೋಕಲ್ಲ, ಕೊಟ್ಟ ಬಟ್ಟೆ ವಾಪಸ್ ಒಯ್ಯೋಕೆ. ಟೀಚರಮ್ಮ ಕತ್ತರಿಸಿಟ್ಟಿದ್ದ ಕೋಟನ್ನ ಹಾಗೇ ಸುತ್ತಿಕೊಂಡು ಹೋದರು. "ಪಾಪ, ಈ ಕಷ್ಟದಲ್ಲಿ ಹೊಲ್ಕೊಡಿ ಅನ್ನೋಕಾಗುತ್ತಾ?" ಕಪಾಟು ಖಾಲಿ.

ಕೋಚ್ ಸರ್‌ಗೆ ಫೋನ್ ಮಾಡಿದೆ. ಫೀಸು ವಾಪಸ್ ಕೊಡಿ ಅಂತ ಅಂಗಲಾಚಿದೆ. "ಭಯ ಆಗ್ತಿದೆಯಾ? ಒಳ್ಳೇ ಲಕ್ಷಣ. ಅಡ್ವಾನ್ಸ್ಡ್ ಬ್ಯಾಚಿಗೆ ಸೇರ್ಕೊಳ್ಳಿ." ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು.

ಬೆಳಿಗ್ಗೆ ಅತ್ತೆ ಎರಡು ಸಲ ಕೆಮ್ಮಿದರು. ನಾನು ಬರೆದದ್ದು ನಿಜವಾಗಿಬಿಟ್ಟರೆ? ಆ ಕಾಗದ ಕೀಳೋಣ ಅಂತ ಬಾಗಿಲವರೆಗೂ ಹೋದೆ. ಕಿತ್ತರೆ ಅತ್ತೆ ಹೋಗಿಬಿಟ್ಟರು ಅಂದ್ಕೊಳ್ತಾರೆ! ನಗು ಬಂತು. ಆಮೇಲೆ ಕೂತು ಅತ್ತುಬಿಟ್ಟೆ.

ಮಾರ್ಚ್ 11

ಬಿಲ್ಡಿಂಗ್ ಓನರ್ ಬಂದಿದ್ದರು. ಕಣ್ಣಲ್ಲಿ ನೀರು.

"ನಿಮ್ಮತ್ತೆ ಸ್ಥಿತಿ ಹೀಗಂತ ಮೊದಲೇ ಹೇಳಬಾರದಿತ್ತೇನಮ್ಮಾ? ಅಗ್ರಿಮೆಂಟ್ ಬಗ್ಗೆ ತಲೆ ಕೆಡಿಸ್ಕೋಬೇಡ. ಈ ಜಾಗ ಔಷಧಿ ಅಂಗಡಿಯವರಿಗೆ ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ. ನೀನು ಆರಾಮಾಗಿ ಅವರ ಸೇವೆ ಮಾಡು."

ಸುಳ್ಳು ಸರ್ ಅದು — ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಔಷಧಿ ಅಂಗಡಿ ಕಡೆಯ ಇಬ್ಬರು ಟೇಪ್ ಹಿಡಿದು ಒಳಗೆ ಬಂದರು. "ಅಕ್ಕಾ, ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ?"

ಹಿಡ್ಕೊಂಡೆ. ಅತ್ತೆಯ ಅಂಗಡಿ ಅಳೆಯೋಕೆ ನಾನೇ ತುದಿ ಹಿಡ್ಕೊಂಡು ನಿಂತೆ. ಮಾಡಿದ್ದುಣ್ಣೋ ಮಹರಾಯ.

ಹೊರಡುವಾಗ ಓನರ್ — "ನಾಳೆ ನಿಮ್ಮತ್ತೆನ ನೋಡ್ಕೊಂಡು ಬರ್ತೀನಿ."

"ಬೇಡ ಸರ್! ಯಾರನ್ನೂ ಗುರುತಿಸಲ್ಲ ಅವರು."

ಇನ್ನೂ ಒಂದು ಸುಳ್ಳು.

ಮಾರ್ಚ್ 12, ಬೆಳಿಗ್ಗೆ

ರಾತ್ರಿ ಹೇಳಬೇಕು ಅಂತ ಅತ್ತೆ ಪಕ್ಕ ಕೂತೆ. ಅವರು ನನ್ನ ಬೆರಳು ಹಿಡಿದು ಸೂಜಿ ಚುಚ್ಚಿದ ಗುರುತು ನೋಡಿದರು. "ಹೊಸ ಮಷೀನ್ ಬಂದರೆ ನಿನಗೂ ಸ್ವಲ್ಪ ಸುಖ." ಹ್ಞೂಂ ಅಂದು ದೀಪ ಆರಿಸಿದೆ.

ಇವತ್ತು ಓನರ್ ಕಾಲಿಗೆ ಬಿದ್ದಾದರೂ ಸರಿ, ಅಂಗಡಿ ಉಳಿಸ್ಕೋಬೇಕು. ಆಮೇಲೆ ಅತ್ತೆಗೆ ನಾನೇ...

ಮಧ್ಯಾಹ್ನ

ಓನರ್ ಫೋನ್ ಎತ್ತಲಿಲ್ಲ. ಅವರ ಹೆಂಡತಿ ಎತ್ತಿದರು. "ಹಣ್ಣು ತಗೊಂಡು ನಿಮ್ಮನೆಗೇ ಹೋದ್ರಲ್ಲಮ್ಮಾ."

ಮನೇಲಿ ಬಾಗಿಲು ತೆಗೆಯೋದು ಅತ್ತೆಯೇ.

ಓಡಬೇಕು ಅಂತ ಎದ್ದೆ. ಹೋಗಿ ಯಾವ ಮುಖ ತೋರಿಸಲಿ? ಕತ್ತರಿಸೋ ಮೇಜಿನ ಮುಂದೆ ಕೂತು ಬರೀತಿದೀನಿ.

ಹೊರಗೆ ಓನರ್ ಕಾರು. ಕೋಲು ಮೊದಲು ಇಳೀತು, ಆಮೇಲೆ ಅತ್ತೆ. ನೆಟ್ಟಗೆ ನಿಂತಿದಾರೆ. ಗಾಜಿನ ಬಾಗಿಲ ಹತ್ತಿರ ಬಂದರು, ಒಳಗೆ ಬರ್ತಿಲ್ಲ. ಕನ್ನಡಕ ಒರೆಸಿ ಹಾಕ್ಕೊಂಡರು. ಅತ್ತೆ ಬೆರಳಿಟ್ಟು ಓದೋದು. ಕಾಗದದ ಹಿಂದೆ ಬೆರಳಿನ ನೆರಳು ಕಾಣ್ತಿದೆ. ಮೊದಲ ಸಾಲು ಮುಗೀತು. ಎರಡನೇ ಸಾಲಿಗೆ ಇಳೀತು. ಅಲ್ಲೇ ನಿಂತಿದೆ, ಮುಂದಕ್ಕೆ ಹೋಗ್ತಾನೇ ಇಲ್ಲ...