ಸೆವೆರಿಯಾನ್ ತಾತ ಹೂಜಿ ಎತ್ತಿದ ದಿನ

ಕುತಾಯಿಸಿ, ಜಾರ್ಜಿಯಾ
ಮೇ 22, ಬುಧವಾರ ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ, ಇಲ್ಲ "ಅದೇನೂ ಇಲ್ಲ ಬಿಡು" ಅನ್ನುವ ಹಳೆಯ ಮಾತೇ ಇನ್ನೂ ನಡೆದಿದೆಯೇ? ನೀನು ನೋಡಿಕೊಳ್ಳುವ ಎವಾಂಥಿಯಾ ಅಜ್ಜಿಯ ಕೆಮ್ಮು ಹೇಗಿದೆ? ಅವರನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಿದರೂ ನಿನ್ನ ಮುಂದೆ ಅದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನೋದಾರನ ಬಸ್ಸು ನಾಳೆ ಬೆಳಿಗ್ಗೆ ಗ್ರೀಸಿಗೆ, ನಿನ್ನ ಥೆಸಲೋನಿಕಿಗೆ ಹೊರಡುತ್ತದೆ, ಅದರಲ್ಲೇ ಈ ಕಾಗದವನ್ನೂ ಒಂದು ಡಬ್ಬಿಯನ್ನೂ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಇರ್ಮಾ ಚಿಕ್ಕಮ್ಮ ಅರೆದ ಆಜಿಕಾ ಚಟ್ನಿ ಇದೆ, ಖಾರ ಜೋರಾಗಿದೆ, ನೋಡಿಕೊಂಡು ಹಚ್ಚಿಕೋ. ಎಲ್ಲವನ್ನೂ ಆ ಮನೆಯವರಿಗೇ ಬಡಿಸಿ ನೀನು ಡಬ್ಬಿ ತೊಳೆದಿಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಸರಿ. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ "ನೀನೇನೂ ಯೋಚನೆ ಮಾಡ್ಬೇಡ, ನಾನಿದ್ದೀನಲ್ಲ" ಎಂದು ಮಾತಿಗೆ ಬೀಗ ಹಾಕುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ, ಪೂರ್ತಿ ಓದಲೇಬೇಕು.

ಇಷ್ಟು ದಿನ ನಿನಗೆ ಹೇಳದ ಸುದ್ದಿ ಮೊದಲು. ಈ ವಸಂತದಲ್ಲಿ ನನ್ನ ಕೊನೆಯ ತರಬೇತಿ ನಡೆಯಿತಲ್ಲ, ಲಕ್ವ ಹೊಡೆದವರ ಕೇಂದ್ರದಲ್ಲಿ, ಅದರ ನಡುವಿನ ಪರೀಕ್ಷೆಯಲ್ಲಿ ನಾನು ಫೇಲಾಗಿದ್ದೆ. ಕೊನೆಯ ಪರೀಕ್ಷೆಯಲ್ಲೂ ಬಿದ್ದಿದ್ದರೆ ಮತ್ತೊಂದು ವರ್ಷ ಓದಬೇಕಿತ್ತು. ನಾನು ಓದಿದಷ್ಟು ದಿನ ನೀನು ಅಲ್ಲಿ ಬೇರೆಯವರ ತಾಯಿಗೆ ಉಣ್ಣಿಸಿ, ತೊಳೆದು, ಮಲಗಿಸಿ ಇರಬೇಕು. ಆರು ವರ್ಷ ಆಯಿತು. ಏಳನೆಯದು ನನ್ನ ಕೈಯಿಂದ ಬರುತ್ತದೆ ಎಂದು ಹೆದರಿದ್ದೆ. ಫೇಲಾದದ್ದು ಯಾಕೆ ಗೊತ್ತೇ? ಒಬ್ಬ ರೋಗಿಯ ಅಂಗಿಯ ಗುಂಡಿ ನಾನೇ ಹಾಕಿಬಿಟ್ಟೆ. ನಮ್ಮ ಕಾಲೋನಿಯವರೆಲ್ಲ ಆಕ್ಯುಪೇಷನಲ್ ಥೆರಪಿ ಅಂದರೆ ಕೈಕಾಲು ಒತ್ತುವುದು ಅಂದುಕೊಂಡಿದ್ದಾರೆ. ಉಡುವುದು, ಉಣ್ಣುವುದು, ಮೀಯುವುದು, ತನ್ನ ದಿನವನ್ನು ತಾನೇ ನಡೆಸುವುದು, ಇದನ್ನೆಲ್ಲ ರೋಗಿ ತನ್ನ ಕೈಯಲ್ಲೇ ಮತ್ತೆ ಕಲಿಯುವಂತೆ ಮಾಡುವುದು ನಮ್ಮ ಕೆಲಸ. ನಮ್ಮನ್ನು ತಿದ್ದಲು ಇದ್ದವರು ಲಾಮಾರಾ ಮೇಡಂ. ನಾನು ಏನು ಮಾಡಿದರೂ ಬೆನ್ನ ಹಿಂದೆ ನಿಂತು ನೋಡುವವರು. ಅವತ್ತು ಎಲ್ಲರ ಎದುರಿಗೇ ಕೇಳಿದರು: "ಅವರ ಗುಂಡಿ ನೀನು ಹಾಕಿದ್ರೆ ಅವರ ಕೈ ಏನು ಮಾಡ್ಬೇಕು, ಜೇಬಲ್ಲಿ ನಿದ್ದೆ ಮಾಡ್ಬೇಕಾ? ಈ ಅಭ್ಯಾಸ ಯಾರು ಕಲಿಸಿದ್ದು ನಿಂಗೆ?" ನಮ್ಮಮ್ಮ ಎಂದೆ. ಯಾರೂ ನಗಲಿಲ್ಲ.

ಆಮೇಲೆ ನನಗೆ ಕೊಟ್ಟದ್ದು ಸೆವೆರಿಯಾನ್ ತಾತನನ್ನು. ಟ್ರಾಲಿಬಸ್ ಓಡಿಸಿ ನಿವೃತ್ತರಾದವರು, ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಸೋತಿತ್ತು. ದಿನಾ ಹೆಂಡತಿ ಸಿಯಾಲಾ ಅಜ್ಜಿಯ ಜೊತೆ ಕೇಂದ್ರಕ್ಕೆ ಬರುತ್ತಿದ್ದರು. ನಾನು ಪುಸ್ತಕದಲ್ಲಿ ಇದ್ದಂತೆ ಚಹಾ ಮಾಡುವ ಪಾಠ ಹಿಡಿದೆ. ಕೆಟಲ್ ಇಟ್ಟೆ, ಲೋಟ ಇಟ್ಟೆ, ಸಕ್ಕರೆ ಎಲ್ಲಿದೆ ಹುಡುಕಿ ತಾತ ಎಂದೆ. ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಟ್ಟ ತುಟಿಯಲ್ಲೇ ಹೇಳಿದರು: "ನೋಡು ತಾಯಿ, ಐವತ್ತು ವರ್ಷದಿಂದ ನನ್ನ ಮನೇಲಿ ಸಕ್ಕರೆ ಎಲ್ಲಿದೆ ಅಂತ ನಂಗೊತ್ತಿಲ್ಲ. ಅದು ಲಕ್ವದಿಂದ ಬಂದಿದ್ದಲ್ಲ." ಸಿಯಾಲಾ ಅಜ್ಜಿ ಅಷ್ಟರಲ್ಲಿ ಎದ್ದು ಚಹಾ ಮಾಡಿ, ಸಕ್ಕರೆ ಕಲಸಿ, ನನಗೂ ಒಂದು ಲೋಟ ಕೊಟ್ಟಾಯಿತು. ಪೆದ್ದಿಯ ಹಾಗೆ ಕುಡಿದೆ. ಲಾಮಾರಾ ಮೇಡಂ ಸಂಜೆ ಕರೆದು, "ನೀನು ಪುಸ್ತಕಕ್ಕೆ ಚಿಕಿತ್ಸೆ ಮಾಡ್ತಿದ್ದೀಯ, ಆ ಮನುಷ್ಯನಿಗಲ್ಲ. ಏನು ಕಳ್ಕೊಂಡಿದ್ದಾರೆ ಅಂತ ಕೇಳಿದ್ದೀಯಾ?" ಎಂದರು. ಕೇಳಿರಲಿಲ್ಲ. ಮರುದಿನ ಕೇಳಿದಾಗ ತಾತ ಕಿಟಕಿಯ ಕಡೆ ತಿರುಗಿಕೊಂಡರು, ಅಜ್ಜಿ ಹೇಳಿದರು. ಅವರ ಬೀದಿಯಲ್ಲಿ ಮದುವೆ, ನಾಮಕರಣ, ತಿಥಿ ಯಾವುದಿದ್ದರೂ ಊಟದ ಮೇಜಿನಲ್ಲಿ ತಮದಾ ಇವರೇ ಅಂತೆ. ಗ್ಲಾಸ್ ಹಿಡಿದು ನಿಂತು ಹಾರೈಸುವುದು ಇವರೇ, ಮನೆಗೆ ಬಂದವರಿಗೆ ಹೂಜಿಯಿಂದ ವೈನ್ ಸುರಿಯುವುದು ಇವರೇ. ಈಗ ನೆಂಟರು ಬಂದರೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರಂತೆ.

ಅಂದಿನಿಂದ ಹೂಜಿಯ ಅಭ್ಯಾಸ ಶುರು. ಮೊದಮೊದಲು ನೀರಿಟ್ಟರೆ ತಾತ ಸಿಡುಕಿದರು: "ನೀರಲ್ಲಿ ಯಾರಿಗಾದ್ರೂ ಒಳ್ಳೇದು ಬಯಸ್ತಾರಾ? ಅದಕ್ಕಿಂತ ಶಾಪ ಹಾಕೋದೇ ವಾಸಿ." ವೈನ್ ತರಲು ಕೇಂದ್ರದವರು ಬಿಡುವುದಿಲ್ಲ. ಕೊನೆಗೆ ದ್ರಾಕ್ಷಿರಸಕ್ಕೆ ಒಪ್ಪಂದವಾಯಿತು. ಎಷ್ಟು ಚೆಲ್ಲಿದೆವೋ ದೇವರಿಗೇ ಗೊತ್ತು.

ನಿನ್ನೆ ಪರೀಕ್ಷೆ. ಕೇಂದ್ರದ ಅಡುಗೆಮನೆಯಲ್ಲಿ ಮೇಜು ಹಾಕಿ ಲಾಮಾರಾ ಮೇಡಂ, ಅಜ್ಜಿ, ನಾನು ಕುಳಿತೆವು. ತಾತ ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. ಎರಡೂ ಕೈ ಹಾಕಿ ಹೂಜಿ ಎತ್ತಿದರು. ಅರ್ಧಕ್ಕೆ ಬಂದಾಗ ಬಲಗೈ ನಡುಗಲು ಶುರುವಾಯಿತು, ರಸ ಬಿಳಿ ಬಟ್ಟೆಯ ಮೇಲೆ ಹರಿಯಿತು. ಅಜ್ಜಿ ಅಯ್ಯೋ ಎಂದು ಎದ್ದರು. ಅಮ್ಮಾ, ನನ್ನ ಕೈಯೂ ಮೇಜಿನಿಂದ ಮೇಲೆದ್ದಿತ್ತು. ಮೇಡಂ ತಾತನನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಆ ಕೈಯಲ್ಲೇ ಅಜ್ಜಿಯ ಮಣಿಕಟ್ಟು ಹಿಡಿದು, "ಕೂತ್ಕೊಳ್ಳಿ ಅಜ್ಜಿ" ಎಂದೆ. "ನಿಂಗೆ ಕರುಳಿಲ್ವಾ ಹುಡುಗಿ?" ಎಂದರು ಅವರು. ನಿಜ ಹೇಳುತ್ತೇನೆ, ಆ ಮಾತು ನೆಟ್ಟಗೆ ಬಂದು ತಾಗಿತು. ತಾತನ ಹಣೆಯಲ್ಲಿ ಬೆವರು. ಹೂಜಿ ಕೆಳಗಿಟ್ಟುಬಿಟ್ಟರು. ಮುಗಿಯಿತು, ಇವರು ಹಿಂದಿನ ಕೋಣೆಗೆ, ನೀನು ಇನ್ನೊಂದು ವರ್ಷ ಥೆಸಲೋನಿಕಿಯಲ್ಲಿ ಅಂದುಕೊಂಡೆ. ಆಗ ತಾತ ಗ್ಲಾಸನ್ನು ಎಳೆದುಕೊಂಡು, ಹೂಜಿಯ ಮೂತಿಯನ್ನು ಅದರ ಅಂಚಿಗೇ ಒರಗಿಸಿ, ಮೊಣಕೈಯನ್ನು ಮೇಜಿಗೆ ಊರಿ ಮೆಲ್ಲಗೆ ಬಗ್ಗಿಸಿದರು. ಇದನ್ನು ನಾನು ಕಲಿಸಿರಲಿಲ್ಲ. ಮೇಡಂ ಗ್ಲಾಸು ತುಂಬಿತು, ಅಜ್ಜಿಯದು, ನನ್ನದು, ಕೊನೆಗೆ ಅವರದು. ಆಮೇಲೆ ಎದ್ದು ನಿಂತು ಹಾರೈಸಲು ಶುರುಮಾಡಿದರು ನೋಡು, ನಮ್ಮ ಪೂರ್ವಜರು, ನಮ್ಮ ಮಣ್ಣು, ಬಂದ ಅತಿಥಿಗಳು, ನಿಲ್ಲಿಸುವ ಮಾತೇ ಇಲ್ಲ. ನಡುವೆ ಮೇಡಂ ಒಂದು ಗುಟುಕು ಕುಡಿದದ್ದಕ್ಕೆ, "ಇನ್ನೂ ಮುಗಿದಿಲ್ಲ, ಗ್ಲಾಸ್ ಕೆಳಗಿಡಮ್ಮ" ಎಂದು ಗದರಿದರು. ಮೇಡಂ ಶಾಲೆಯ ಹುಡುಗಿಯ ಹಾಗೆ ಇಟ್ಟರು.

ನಾನು ಪಾಸಾದೆ. ಮೇಡಂ ಹೆಚ್ಚೇನೂ ಹೇಳಲಿಲ್ಲ, "ಜೂನ್‌ನಿಂದ ಇಲ್ಲೇ ಕೆಲಸಕ್ಕೆ ಬಾ" ಎಂದಷ್ಟೇ ಹೇಳಿದರು. ಕುಣಿಯಬೇಕಿತ್ತು. ಆದರೆ ಹೊರಗೆ ಬಂದರೆ ಬೆಂಚಿನ ಮೇಲೆ ಸಿಯಾಲಾ ಅಜ್ಜಿ ಬರಿಯ ಅಂಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಪಕ್ಕದಲ್ಲಿ ಕುಳಿತೆ. "ಇನ್ನು ಎಲ್ಲಾ ಅವರೇ ಮಾಡ್ಕೊಂಡ್ರೆ, ನಾನ್ಯಾಕೆ ಮಗಳೇ?" ಎಂದರು. ತಾತ ಕೋಟು ಹಾಕಿಕೊಂಡು ಬರುವವರೆಗೆ ಇಬ್ಬರೂ ಅಲ್ಲೇ ಕಾದೆವು. ಕೋಟಿನ ತೋಳು ಕೈಗೆ ಸಿಕ್ಕದೆ ಅವರಿಗೆ ಬಹಳ ಹೊತ್ತು ಹಿಡಿಯಿತು.

ಎವಾಂಥಿಯಾ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಸಂತ ಗಿಯೋರ್ಗಿ ನಿನ್ನ ಭುಜವನ್ನೂ ನಿನ್ನ ದಾರಿಯನ್ನೂ ಕಾಯಲಿ.

ನಿನ್ನ ಮುದ್ದಿನ, ನಿನ್ನಷ್ಟೇ ಹಟಮಾರಿ
ಇಯಾ

ಮರೆತಿದ್ದು: ಲಕೋಟೆ ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಇರ್ಮಾ ಚಿಕ್ಕಮ್ಮ ಈಗತಾನೇ ಬಾಯಿ ಬಿಟ್ಟಳು. ನನಗೊಂದು ಫ್ಲಾಟ್ ಮಾಡಿಕೊಡಬೇಕು ಎಂದು ಇನ್ನೂ ಎರಡು ವರ್ಷ ಅಲ್ಲೇ ಇರಲು ಒಪ್ಪಿಕೊಂಡಿದ್ದೀಯಂತೆ. ಇದನ್ನು ಓದಿದ ದಿನವೇ ಆಗುವುದಿಲ್ಲ ಎಂದು ಹೇಳಿಬಿಡು. ಅಮ್ಮಾ, ಕೆಲಸ ಸಿಕ್ಕಿದೆ, ಮಲಗಲು ಜಾಗ ಇದೆ. ನಿನ್ನಿಂದ ಇನ್ನು ನನಗೆ ಏನೂ ಆಗಬೇಕಾಗಿಲ್ಲ. ಆದರೂ ಬಾ.