ಒಂದು ಹಾಡು ಹೇಳಿ

ವೆಸ್ಟ್ ಬ್ಲೂಮ್‌ಫೀಲ್ಡ್, ಮಿಷಿಗನ್
ಗುರುವಾರ, ೧೬ ಅಕ್ಟೋಬರ್ ೨೦೨೫

ಪ್ರೀತಿಯ ಕೌಸಲ್ಯಾ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಮಾರ್ಚ್ ತಿಂಗಳಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ, ಪರವಾಗಿಲ್ಲ. ಬರೆಯಲು ಕೂತರೆ ಬರೆಯುವಂಥದ್ದು ಏನೂ ಸಿಗುತ್ತಿರಲಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಬಿ.ಪಿ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತೇನೆ. ಇವರು ಹೋದ ಮೇಲೆ ನಾನು ಅತ್ತೇ ಇಲ್ಲ ಅಂತ ಇಲ್ಲಿ ಎಲ್ಲರಿಗೂ ಚಿಂತೆ. ಮಗಳು ದೀಪ್ತಿ ತಾನೇ ಡಾಕ್ಟರಾಗಿದ್ದರೂ ನನ್ನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ಟಿಶ್ಯೂ ಡಬ್ಬಿಯನ್ನು ನನ್ನ ಮುಂದೆ ಸರಿಸಿ ಕಾಯುತ್ತಾ ಕೂತಳು. ಪಾಪ, ಆಕೆಯ ಸಮಾಧಾನಕ್ಕೆ ಒಂದು ಎಳೆದುಕೊಂಡು ಮೂಗು ಒರೆಸಿಕೊಂಡೆ.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮಮ್ಮ ಅನುಸೂಯಮ್ಮನವರು ನಿನ್ನ ತಮ್ಮನ ತೊಟ್ಟಿಲಿಗೆ ತಾವೇ ಕಟ್ಟಿ ಹಾಡುತ್ತಿದ್ದರಲ್ಲ, ಬೆಕ್ಕು ಹಾಲು ಕುಡಿದು ಚಂದ್ರನ ಮೇಲೆ ದೂರು ಹೇಳುವ ಹಾಡು, ಅದರ ಎರಡನೆಯ ಚರಣ ಬರೆದು ಕಳಿಸು. ಮೊದಲನೆಯದು ಬಾಯಿಗೆ ಬರುತ್ತದೆ. ಎರಡನೆಯದು ಎಷ್ಟು ತಡಕಿದರೂ ಇಲ್ಲ. ಬರುವ ಶನಿವಾರ ಅದನ್ನು ಒಂದು ಕಡೆ ಹಾಡು ಅಂತ ಕೇಳಿದ್ದಾರೆ. ಶನಿವಾರಕ್ಕೆ ಬೇಕಾದದ್ದನ್ನು ಕಾಗದ ಬರೆದು ಕೇಳುತ್ತಾಳಲ್ಲ ಇವಳು ಅಂತ ನೀನು ನಗುತ್ತೀಯ. ಫೋನ್ ಮಾಡಿದರೆ ‘ಮೊದಲು ನೀನು ಹಾಡು, ಆಮೇಲೆ ಹೇಳ್ತೀನಿ’ ಅನ್ನುತ್ತೀಯ, ನಿನ್ನನ್ನು ನಾನು ಕಾಣೆನೇ? ಮತ್ತೆ, ನಾನು ಹಾಡುವುದಿಲ್ಲ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೇನೆ. ಆದರೂ ಆ ಚರಣ ಬೇಕು ಅನ್ನಿಸುತ್ತಿದೆ.

ನಮ್ಮ ಎದುರು ಮನೆಯ ಟೆಸ್ಸಿ ಹೋದ ವಾರ ತೀರಿಕೊಂಡಳು. ನನಗಿಂತ ಬಹಳ ದೊಡ್ಡವಳು, ಎಂಬತ್ತು ದಾಟಿತ್ತು. ಆದರೂ ಬಾಯಿಗೆ ಅವಳು ಅಂತಲೇ ಬರುತ್ತದೆ. ಶನಿವಾರ ಷಿಕಾಗೋದಲ್ಲಿ ಅವಳ ನೆನಪಿನ ಸಭೆ. ಮಕ್ಕಳಿಲ್ಲ, ಅಲ್ಲಿರುವ ಅಣ್ಣನ ಮಗಳು ಕ್ಯಾರಲ್ ಎಲ್ಲ ನೋಡಿಕೊಳ್ಳುತ್ತಿದ್ದಾಳೆ. ಟೆಸ್ಸಿ ಅವಳಿಗೆ ಹೇಳಿ ಹೋಗಿದ್ದಾಳಂತೆ: ತನ್ನ ರೆಕಾರ್ಡು ಹಾಕಕೂಡದು, ತನ್ನ ಹಾಡನ್ನು ಬೇರೆ ಯಾರೂ ಹಾಡಕೂಡದು, ಎದುರು ಮನೆಯ ಅಂಬುಜಾ ಒಂದು ಹಾಡು ಹೇಳಬೇಕು. ಕ್ಯಾರಲ್ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಬೀನ್ಸ್ ಹೆಚ್ಚುತ್ತಿದ್ದೆ. ಆಗಲಿ ಅಂತ ಹೇಳಿ ಪೂರ್ತಿ ಬೀನ್ಸ್ ಹೆಚ್ಚಿ ಮುಗಿಸಿದೆ.

ಟೆಸ್ಸಿ ಯಾರು ಅಂತ ನಿನಗೆ ಬರೆದೇ ಇಲ್ಲ ಅನ್ನಿಸುತ್ತದೆ. ಅವಳು ಆ ಮನೆಗೆ ಬಂದ ವರ್ಷ, ಗೌರಿ ಹಬ್ಬಕ್ಕೆ ಎದುರು ಮನೆಯವಳಲ್ಲವೇ ಅಂತ ಅರಿಶಿನ ಕುಂಕುಮಕ್ಕೆ ಕರೆದೆ. ಬಂದಳು. ತುಟಿಗೆ ಬಣ್ಣ, ಬಿಳಿ ಕೂದಲನ್ನು ಎತ್ತಿ ಕಟ್ಟಿದ್ದಳು, ಬೆನ್ನು ನೆಟ್ಟಗೆ. ನಿನ್ನ ಹಯವದನ ಭಾವ ಹೇಗೆ ಅಂತ ನಿನಗೆ ಗೊತ್ತಲ್ಲ. ಹಾಡು ಅಂದರೆ ಅವರಿಗೆ ಪ್ರಾಣ. ನಮ್ಮ ಮನೆಗೆ ಕುಂಕುಮಕ್ಕೆ ಬಂದ ಹೆಂಗಸು ಹಾಡದೆ ಮೆಟ್ಟಿಲಿಳಿಯುವಂತಿರಲಿಲ್ಲ. ಹಬ್ಬದ ದಿನ ವಿಕ್ಸಮ್ ಊರಿನ ಫ್ಯಾಕ್ಟರಿ ಕೆಲಸದಿಂದ ಮಧ್ಯಾಹ್ನವೇ ಬಂದು, ಜುಬ್ಬಾ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತು, ಒಬ್ಬೊಬ್ಬರನ್ನೇ ಹಿಡಿಯುವರು, ‘ಒಂದು ಹಾಡು ಹೇಳಿ’ ಅಂತ. ಅವರು ಗಂಟಲು ಸರಿಯಿಲ್ಲ ಅನ್ನಬೇಕು, ಇವರು ಬಿಡಕೂಡದು, ಕೊನೆಗೆ ಹಾಡಬೇಕು. ನಮ್ಮಲ್ಲಿ ನಡೆಯುವುದೇ ಹಾಗಲ್ಲವೇ. ಟೆಸ್ಸಿಯ ಸರದಿ ಬಂದಾಗ ಅವಳನ್ನೂ ಕೇಳಿಬಿಟ್ಟರು.

ಅವಳು ಇವರ ಮುಖವನ್ನೇ ನೋಡಿದಳು. ಗಂಟಲು ಸರಿಯಿಲ್ಲ ಅನ್ನಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಅವಳ ತಾಯಿ ಹೇಳಿಕೊಟ್ಟ ಒಂದು ಪೋಲಿಷ್ ಹಾಡು ಹಾಡಿದಳು. ದನಿ ಒಡೆದಿತ್ತು, ಆದರೆ ಅಡುಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಮುಗಿದ ಮೇಲೆ ಇವರು ಬಹಳ ಗಂಭೀರವಾಗಿ, ಕಂಠ ಚೆನ್ನಾಗಿದೆ, ಚಿಕ್ಕವಯಸ್ಸಿನಲ್ಲಿ ಸ್ವಲ್ಪ ಕಲಿತಿದ್ದರೆ ಒಳ್ಳೆ ಹೆಸರು ಬರುತ್ತಿತ್ತು ಅಂದರು. ಟೆಸ್ಸಿ ನಕ್ಕಳು ನೋಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಪಕ್ಕದ ಊರು ನೊವೈಯಿಂದ ಕುಂಕುಮಕ್ಕೆ ಬಂದಿದ್ದ ಗೆಳತಿ ಸ್ಮಿತಾ ಅಷ್ಟರಲ್ಲಿ ಅನುಮಾನ ಬಂದು ಫೋನಿನಲ್ಲಿ ಹುಡುಕಿದ್ದಳು. ಕಪ್ಪು ಬಿಳುಪಿನಲ್ಲಿ ಅಗಲ ಲಂಗದ ಹುಡುಗಿ ಮೈಕಿನ ಮುಂದೆ ಚಿಟಿಕೆ ಹೊಡೆಯುತ್ತಾ ನಿಂತಿದ್ದಾಳೆ, ಎದುರಿಗೆ ಸಾವಿರಾರು ಜನ ಕಿರುಚುತ್ತಿದ್ದಾರೆ. ಟೆಸ್ಸಿ ಮಾರ್ಲೋ. ರಾಕ್ ಅಂಡ್ ರೋಲ್ ಶುರುವಾದ ಕಾಲದಲ್ಲಿ ಈ ದೇಶದ ಮೂಲೆಮೂಲೆಯ ರೇಡಿಯೋದಲ್ಲಿ ಅವಳ ದನಿ ಬರುತ್ತಿತ್ತಂತೆ. ಇವರ ಮುಖ ನೋಡಬೇಕಾಗಿತ್ತು. ಆಮೇಲೆ ತಿಂಗಳುಗಟ್ಟಲೆ ಅವಳು ಎದುರಿಗೆ ಕಂಡರೆ ಗ್ಯಾರೇಜಿನೊಳಗೆ ಹೋಗಿಬಿಡುವರು.

ಅವಳಿಗೆ ನನ್ನ ಚಕ್ಕುಲಿ ಇಷ್ಟ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಕ್ಕುಲಿ ಮುರಿಯುತ್ತಾ ತನ್ನ ಕಥೆ ಹೇಳುತ್ತಿದ್ದಳು, ಒಂದೊಂದು ಸಲ ಒಂದೊಂದು ಚೂರು. ಡೆಟ್ರಾಯ್ಟ್ ಪಕ್ಕದ ಹ್ಯಾಮ್‌ಟ್ರ್ಯಾಮಿಕ್‌ನ ಹುಡುಗಿ, ಅಪ್ಪ ಕಾರು ಫ್ಯಾಕ್ಟರಿಯಲ್ಲಿ. ಚರ್ಚಿನಲ್ಲಿ ಹಾಡುತ್ತಿದ್ದವಳನ್ನು ಹದಿನಾರಕ್ಕೆ ಯಾರೋ ಷಿಕಾಗೋಗೆ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡಿಸಿದರು. ಹಿಮ ಬೀಳುತ್ತಿರುವಾಗ ಬಸ್ಸಿಗೆ ಕಾಯುವ ಹುಡುಗಿಯ ಹಾಡು. ಅದು ಹತ್ತಿಕೊಂಡಿತು. ಹೆಸರು ಬದಲಾಯಿತು, ಹಲ್ಲು ಸರಿಮಾಡಿಸಿದರು, ಊರೂರು ಬಸ್ಸಿನಲ್ಲಿ ಸುತ್ತಿಸಿದರು. ಬಸ್ಸಿನಲ್ಲಿ ಗಂಡಸರೆಲ್ಲ ಇಸ್ಪೀಟು ಆಡುತ್ತಿದ್ದರೆ ಇವಳು ಹಿಂದಿನ ಸೀಟಿನಲ್ಲಿ ಸ್ಕೂಲಿನ ಪಾಠ ಓದುತ್ತಿದ್ದಳಂತೆ. ಕೆಲಸ ನೋಡಿಕೊಳ್ಳುತ್ತಿದ್ದವನನ್ನೇ ಮದುವೆಯಾದಳು. ಆ ಹೆಸರೆಲ್ಲ ಕೆಲವೇ ವರ್ಷ. ಇಂಗ್ಲೆಂಡಿನಿಂದ ಗಿಟಾರ್ ಹಿಡಿದ ಉದ್ದ ಕೂದಲಿನ ಹುಡುಗರು ಬಂದರು, ರೇಡಿಯೋದವರು ಇವಳನ್ನು ಮರೆತರು.

ಗಂಡ ಮಾತ್ರ ಬಿಡಲಿಲ್ಲ. ಹೋಟೆಲಿನಲ್ಲಿ, ಕಾರು ಅಂಗಡಿ ಉದ್ಘಾಟನೆಯಲ್ಲಿ, ಊಟಕ್ಕೆ ಕೂತಿದ್ದಾಗ ಪಕ್ಕದ ಟೇಬಲ್ಲಿನವರಿಗೆ, ಎಲ್ಲೆಂದರಲ್ಲಿ ಟೆಸ್ಸಿ, ಆ ಬಸ್ಸಿನ ಹಾಡು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೊಂದೇ ಹಾಡು. ಕೊನೆಗೆ ಅವಳ ತಾಯಿ ಸತ್ತಾಗ, ಹೂತು ಬಂದ ಜನ ಊಟಕ್ಕೆ ಕೂತಿದ್ದರು, ಅಲ್ಲಿಯೂ ಗಂಡ ಎದ್ದು ನಿಂತು, ಈಗ ಟೆಸ್ಸಿ ನಿಮಗೋಸ್ಕರ ಹಾಡುತ್ತಾಳೆ ಅಂದ. ಹಾಡಿದಳಂತೆ. ಚಿಟಿಕೆ ಕೂಡ ಹೊಡೆದಳಂತೆ. ಅಲ್ಲಿಂದ ಮನೆಗೆ ಹೋಗದೆ ನೇರ ಅಣ್ಣನ ಮನೆಗೆ ಹೋದಳು. ಆಮೇಲೆ ಗಂಡನೂ ಇಲ್ಲ, ಹಾಡೂ ಇಲ್ಲ, ನಮ್ಮ ಮನೆಯ ಗೌರಿ ಹಬ್ಬದ ತನಕ.

ಇವರು ಕೇಳಿದಾಗ ಯಾಕೆ ಹಾಡಿದೆ ಅಂತ ಒಮ್ಮೆ ಕೇಳಿದ್ದೆ. ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ, ಮನೆಗೆ ಬಂದ ಹೆಂಗಸು ಹಾಡಲಿ ಅಂತ ಕೇಳಿದರು, ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ ಅಂದಳು. ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ಬಂದಳು, ಪ್ರತಿ ಸಲವೂ ಇವರು ಕೇಳಿದರು, ಪ್ರತಿ ಸಲವೂ ಹಾಡಿದಳು.

ಫೆಬ್ರವರಿಯಲ್ಲಿ ಇವರು ಹೋದರು. ಅದನ್ನೆಲ್ಲ ಆಗಲೇ ದೀಪ್ತಿ ನಿನಗೆ ಫೋನಿನಲ್ಲಿ ಹೇಳಿದ್ದಾಳೆ. ವೈಕುಂಠ ಸಮಾರಾಧನೆಯ ದಿನ ದೇವಸ್ಥಾನದ ಹಾಲ್‌ನಲ್ಲಿ ಊಟ ಆದ ಮೇಲೆ, ಅವರಿಗೆ ಹಾಡು ಅಂದರೆ ಇಷ್ಟ ಅಂತ ಎಲ್ಲ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ದೇವರನಾಮ ಹೇಳಿದರು. ಚೆನ್ನಾಗಿ ಹೇಳಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿದೆ. ಹೊರಗೆ ಹಿಮ ತೆಗೆಯುವ ಗಾಡಿಯ ಸದ್ದು, ಅದನ್ನೂ ಕೇಳಿದೆ.

ಇವರ ವರ್ಷಾಬ್ದಿಕದ ತನಕ ನಮಗೆ ಹಬ್ಬ ಇಲ್ಲವಲ್ಲ, ಈ ಸಲ ಗೌರಿಗೆ ಯಾರನ್ನೂ ಕರೆಯಲಿಲ್ಲ. ಟೆಸ್ಸಿಗೆ ಅದು ಹೇಗೆ ಗೊತ್ತಾಗಬೇಕು? ತುಟಿಗೆ ಬಣ್ಣ ಹಚ್ಚಿಕೊಂಡು ಊರುಗೋಲು ಹಿಡಿದು ಬಂದುಬಿಟ್ಟಳು. ಈ ವರ್ಷ ಇಲ್ಲ ಅಂದೆ. ಸರಿ ಅಂತ ಒಳಗೆ ಬಂದು ಅದೇ ಸ್ಟೂಲಿನ ಮೇಲೆ ಕೂತಳು. ನಾನು ಒಲೆಯ ಮೇಲಿನ ಫ್ಯಾನ್ ಹಾಕಿಕೊಂಡು ಸಾರು ಕುದಿಸುತ್ತಿದ್ದೆ. ಫ್ಯಾನ್ ಸದ್ದಿನಲ್ಲಿ ಏನೋ ಗುನುಗುತ್ತಿದ್ದೆನಂತೆ, ಅಭ್ಯಾಸ, ನನಗೆ ತಿಳಿದಿರಲಿಲ್ಲ. ಅವಳು ಎಷ್ಟೋ ವರ್ಷದಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದಳಂತೆ. ಏನು ಹಾಡು ಅಂತ ಕೇಳಿದಳು. ಬೆಕ್ಕು, ಚಂದ್ರ, ಹಾಲು ಎಲ್ಲ ವಿವರಿಸಿದೆ. ಅವಳು ಅಂದದ್ದು ಇಷ್ಟೇ:

“ನನ್ನ ನೆನಪಿನ ಸಭೆಗೆ ಬಂದು ಅದನ್ನು ಹಾಡು. ಫ್ಯಾನ್ ಆಫ್ ಮಾಡಿ ಹಾಡು.”

ತಮಾಷೆ ಅಂದುಕೊಂಡು ಹೂಂ ಅಂದೆ. ಅದಕ್ಕೇ ಈ ಫಜೀತಿ. ದೀಪ್ತಿ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋಗುತ್ತಾಳೆ. “ಅಮ್ಮಾ, ಯೂ ಡೋಂಟ್ ಹ್ಯಾವ್ ಟು,” ಅನ್ನುತ್ತಿದ್ದಾಳೆ. ಅಮ್ಮ ಅಲ್ಲಿ ಎರಡು ಮಾತಾಡಬೇಕಾಗುತ್ತದೆ ಅಂತಷ್ಟೇ ಅವಳು ತಿಳಿದಿರುವುದು, ಹಾಡಿನ ಸುದ್ದಿ ನಾನು ಎತ್ತಿಲ್ಲ. ಹೋಗುತ್ತೇನೆ, ಕೂರುತ್ತೇನೆ, ಕ್ಯಾರಲ್‌ಗೆ ಗಂಟಲು ಸರಿಯಿಲ್ಲ ಅನ್ನುತ್ತೇನೆ. ಸುಳ್ಳೇನಲ್ಲ. ಇವರು ಹೋದರು, ಟೆಸ್ಸಿ ಹೋದಳು, ಎರಡಕ್ಕೂ ಒಳಗೆ ಏನೂ ಅಲುಗಾಡಲಿಲ್ಲ. ಹಾಡು ಎಲ್ಲಿಂದ ಬರಬೇಕು ಹೇಳು.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ. ಮೊಮ್ಮಕ್ಕಳು ಚೆನ್ನಾಗಿ ಬಾಳಲಿ, ಅವರ ತಲೆ ಸವರಿ ನನ್ನ ಆಶೀರ್ವಾದ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ.

ನಿನ್ನ
ಅಂಬುಜಾ

ತಾ.ಕ. — ಭಾನುವಾರ, ೧೯ನೇ ತಾರೀಖು. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು.

ಹಾಡಿದೆ ಕಣೆ. ಚರ್ಚಿನ ಕೆಳಗಿನ ಹಾಲ್, ಮಡಚುವ ಕುರ್ಚಿಗಳು, ಟೆಸ್ಸಿಯ ಹಿಂದೆ ಗಿಟಾರ್ ಬಾರಿಸುತ್ತಿದ್ದ ಮುದುಕರು ಇಬ್ಬರು ಮೂವರು. ಕ್ಯಾರಲ್ ನನ್ನ ಹೆಸರನ್ನು ಎಡವುತ್ತಾ ಕರೆದಳು. ಗಂಟಲು ಸರಿಯಿಲ್ಲ ಅನ್ನಬೇಕು ಅಂತ ಎದ್ದೆ. ಗೋಡೆಯ ಹತ್ತಿರ ಹೀಟರ್ ಗೊರಗೊರ ಅನ್ನುತ್ತಿತ್ತು. ಅದನ್ನು ಆಫ್ ಮಾಡಿ ಅಂದೆ. ಅದು ಯಾಕೆ ಅಂದೆನೋ ಗೊತ್ತಿಲ್ಲ. ಆಫ್ ಮಾಡಿದರು. ಅಷ್ಟು ನಿಶ್ಶಬ್ದ ಆದ ಮೇಲೆ ಏನು ಮಾಡುವುದು, ಹಾಡಿದೆ. ಎರಡನೆಯ ಚರಣ ಬರಲಿಲ್ಲ, ಮೊದಲನೆಯದನ್ನೇ ಇನ್ನೊಮ್ಮೆ ಹೇಳಿ ಮುಗಿಸಿದೆ. ಆಗಲೂ ಅಳು ಬರಲಿಲ್ಲ.

ವಾಪಸು ಬರುವಾಗ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂನಲ್ಲಿ ಕರಿಬೇವು, ಹುರಳಿಕಾಳು ತೆಗೆದುಕೊಳ್ಳೋಣ ಅಂತ ಹೋದೆವು. ಪಾರ್ಕಿಂಗ್ ಸಿಗದೆ ದೀಪ್ತಿ ಸುತ್ತುತ್ತಲೇ ಇದ್ದಳು. ಕೊನೆಗೆ ಒಂದು ಜಾಗ ಸಿಕ್ಕಿ, ಕಾರು ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದಳು. ಯಾವಾಗಲೂ ಇಂಗ್ಲಿಷಿನಲ್ಲಿ ಮಾತಾಡುವವಳು ಕನ್ನಡದಲ್ಲಿ ಕೇಳಿದಳು.

“ಅಮ್ಮಾ, ನೀನು ಹಾಡ್ತೀಯ ಅಂತ ಅಪ್ಪಂಗೆ ಗೊತ್ತಿತ್ತಾ?”

ಅವಳ ತೊಟ್ಟಿಲಿನ ಪಕ್ಕದಲ್ಲೂ ಇವರು ದೊಡ್ಡ ವಿದ್ವಾಂಸರ ಕ್ಯಾಸೆಟ್ ಹಾಕುತ್ತಿದ್ದರು ಕೌಸಲ್ಯಾ. ಅವಳಿಗೆ ಹೇಗೆ ತಿಳಿಯಬೇಕು?

ಗೊತ್ತಿತ್ತು ಅಂದೆ.

ನಿನಗೆ ನೆನಪಿದೆಯಲ್ಲ. ಇವರು ನನ್ನನ್ನು ನೋಡಲು ಬಂದ ದಿನ ನೀನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಹಾಡು ಹೇಳಿ ಅಂದರು. ದೇವರನಾಮ ಹೇಳಿದೆ. ಇನ್ನೊಂದು ಹೇಳಿ ಅಂದರು. ಗಾಬರಿಯಲ್ಲಿ ಬೇರೇನೂ ತೋಚದೆ ನಿಮ್ಮಮ್ಮನ ತೊಟ್ಟಿಲ ಹಾಡು ಹೇಳಿಬಿಟ್ಟೆ, ಎರಡು ಚರಣವೂ. ಹೆಣ್ಣು ನೋಡುವ ದಿನವೇ ತೊಟ್ಟಿಲ ಹಾಡು ಅಂತ ನೀನು ಕಿಸಕ್ಕನೆ ನಕ್ಕೆ. ಅವರು ಕಣ್ಣು ಮುಚ್ಚಿ ತಲೆದೂಗುತ್ತಾ ಕೇಳಿದರು. ಒಪ್ಪಿಗೆ ಆಯಿತು. ಆಮೇಲೆ ಅವರು ನನ್ನನ್ನು ಯಾವತ್ತೂ ಕೇಳಲಿಲ್ಲ. ಮನೆಗೆ ಬಂದ ಎಲ್ಲ ಹೆಂಗಸರನ್ನೂ ಕೇಳಿದರು, ನನ್ನನ್ನು ಕೇಳಲಿಲ್ಲ. ನಾನು ಒಳಗೆ ಕಾಫಿ ಸೋಸುತ್ತಾ, ಈ ಸಲ ಕರೆಯುತ್ತಾರೇನೋ ಅಂತ ಪ್ರತಿ ಗೌರಿ ಹಬ್ಬಕ್ಕೂ ಕೈ ಒರೆಸಿಕೊಂಡು ನಿಂತಿರುತ್ತಿದ್ದೆ. ಆಸ್ಪತ್ರೆಯಲ್ಲೂ ಕಾದೆ.

ಇದನ್ನು ದೀಪ್ತಿಗೆ ಹೇಳುವಾಗ ಅಳು ಬಂತು. ಕಾರಿನಲ್ಲಿ ಟಿಶ್ಯೂ ಇರಲಿಲ್ಲ, ಸೆರಗಿನಲ್ಲೇ ಒರೆಸಿಕೊಂಡೆ.

ಎರಡನೆಯ ಚರಣ ಬೇಗ ಬರೆದು ಕಳಿಸು. ದೀಪ್ತಿ ಕೇಳಿದ್ದಾಳೆ.