ಅರವತ್ತು ಅಡಿ ಕೆಳಗೆ ಆರು ಜನ

ಸೆಪ್ಟೆಂಬರ್ 3, ಬೆಳಿಗ್ಗೆ 6

ದಡದ ಕಂಟ್ರೋಲ್ ರೂಮಿನಲ್ಲಿ ನನ್ನ ಪಾಳಿ ಶುರು. ಆಮ್ಲಜನಕ ಸರಿ. ಒತ್ತಡ ಸರಿ. ಸಮುದ್ರತಳದ ಮನೆಯಲ್ಲಿ ಆರು ಜನ, ಇವತ್ತಿಗೆ ಒಂಬತ್ತನೇ ದಿನ. ಅವರ ಮುಖ್ಯಸ್ಥೆ ನೆರೀಡಾ ರೇಡಿಯೊದಲ್ಲಿ ಕೇಳಿದಳು, "ಒಡಾಲಿಸ್, ಮೇಲೆ ಬಿಸಿಲಾ?" ಕಿಟಕಿಯತ್ತ ನೋಡಿರಲಿಲ್ಲ. ನೋಡಿ ಹೇಳಿದೆ — ಬಿಸಿಲು.

ಚಂಡಮಾರುತ ಕ್ಯೂಬಾದ ದಕ್ಷಿಣಕ್ಕಿದೆ. ಪಶ್ಚಿಮಕ್ಕೆ ಹೋಗುತ್ತದಂತೆ.

ನನ್ನ ಗಂಡ ವೆಂಡೆಲ್ ಹೋಗಿ ಆರು ತಿಂಗಳು. ಸಮುದ್ರ ಎಣ್ಣೆ ಹೊಯ್ದಂತೆ ಸುಮ್ಮನಿದ್ದ ದಿನ. ಬೋಟಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಬೈಯಲಿಕ್ಕೆ ಒಂದು ಅಲೆಯೂ ಇರಲಿಲ್ಲ.

ಮಧ್ಯಾಹ್ನ ಬಿಸ್ಕತ್ತು ತಿಂದೆ. ತಿಂದೆ ಅನ್ನಿಸುತ್ತದೆ.

ಸೆಪ್ಟೆಂಬರ್ 4, ಮಧ್ಯಾಹ್ನ 1

ಚಂಡಮಾರುತ ತಿರುಗಿದೆ. ಸೀದಾ ನಮ್ಮ ಕೀ ಲಾರ್ಗೋ ದ್ವೀಪದ ಕಡೆಗೆ.

ನಿರ್ದೇಶಕ ಹ್ಯಾಸ್ಕೆಲ್ ಮಯಾಮಿಯಿಂದ ಫೋನ್ ಮಾಡಿದರು. "ಇನ್ನೊಂದು ದಿನ ನೋಡೋಣ. ಹವಳದ ಸಂಶೋಧನೆ ಅರ್ಧಕ್ಕೇ ನಿಂತುಹೋಗುತ್ತೆ."

ಲೆಕ್ಕ ಹಾಕಿದೆ. ಇಷ್ಟು ದಿನ ಆಳದಲ್ಲಿದ್ದವರು ಹಾಗೇ ಮೇಲೆ ಬಂದರೆ ರಕ್ತ ಸೋಡಾದಂತೆ ನೊರೆಯುಕ್ಕುತ್ತದೆ. ಆ ಮನೆಯೊಳಗೇ ಕೂತು ಹದಿನೇಳು ಗಂಟೆ ಒತ್ತಡ ಇಳಿಸಬೇಕು. ನಡುವೆ ಹೊರಗೆ ಬರುವಂತಿಲ್ಲ. ನಾಳೆ ಮಧ್ಯಾಹ್ನದ ಮೇಲೆ ಬೋಟು ಹೋಗುವುದಿಲ್ಲ.

"ನೀವು ನಾಳೆ ನೋಡಿ ಸರ್. ನಾನು ಇವತ್ತು ನಾಲ್ಕಕ್ಕೆ ಶುರು ಮಾಡ್ತೀನಿ."

"ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ."

"ಬರ್ಕೊಳ್ಳಿ."

ಫೋನ್ ಇಟ್ಟೆ. ಧೈರ್ಯವಲ್ಲ ಅದು. ಏನೂ ಅಲ್ಲ.

ಅದೇ ದಿನ, 3 ಗಂಟೆ

ಮಿಸ್ ವರ್ನಾ ಫೋನ್. ವೆಂಡೆಲ್‌ನ ತಾಯಿ. ಊರೆಲ್ಲ ಹಾಗೇ ಕರೆಯುತ್ತದೆ, ಸೊಸೆ ನಾನೂ.

"ಊರು ಖಾಲಿ ಮಾಡ್ಬೇಕಂತೆ. ಕಿಟಕಿಗೆ ಹಲಗೆ ಹೊಡ್ಸಾಯ್ತು. ಕೋರಿನ ಕಳ್ಸು, ಅವನ ಗಾಡೀಲೇ ನಾನು ಹೊರಡೋದು."

ಕೋರಿ ಅವರ ಕಿರಿಮಗ. ಇಲ್ಲಿ ಮೆಕ್ಯಾನಿಕ್.

"ಅವನು ಇಲ್ಲಿ ಬೇಕು, ಮಿಸ್ ವರ್ನಾ. ಬೆಳಿಗ್ಗೆವರೆಗೂ."

"ಒಬ್ಬನನ್ನ ಆ ನೀರಿಗೆ ಕೊಟ್ಟಾಯ್ತು. ಇವನನ್ನ ಅಲ್ಲಿಗೆ ಕಳಿಸ್ಬೇಡ. ಕೇಳಿಸ್ತಾ ಮಗಾ?"

"ಕಳಿಸಲ್ಲ" ಅಂದೆ.

ಸೆಪ್ಟೆಂಬರ್ 5, ಬೆಳಿಗ್ಗೆ 5.50

ಆ ಮನೆಯ ನೆತ್ತಿಯ ಮೇಲೆ, ಅಲೆಗಳಲ್ಲಿ ತೇಲುವ ಜನರೇಟರ್ ಕೆಟ್ಟು ನಿಂತಿತು. ಕೆಳಗೆ ಗಾಳಿ ಶುದ್ಧ ಮಾಡುವ ಯಂತ್ರ ಈಗ ಬ್ಯಾಟರಿಯ ಮೇಲಿದೆ. ಬ್ಯಾಟರಿ ಎರಡು ಗಂಟೆ. ಅವರಿಗೆ ಇನ್ನೂ ಮೂರು ಗಂಟೆ ಬೇಕು.

ಅದನ್ನು ಬಿಚ್ಚಿ ರಿಪೇರಿ ಮಾಡಬಲ್ಲವನು ಕೋರಿ ಒಬ್ಬನೇ. ಅವನು ಆಗಲೇ ಬೂಟು ಹಾಕುತ್ತಿದ್ದ.

"ಅಮ್ಮಂಗೆ ಹೇಳ್ಬೇಡಿ ಅತ್ತಿಗೆ. ಈ ಗಾಳಿನಾದ್ರೂ ತಡ್ಕೋಬಹುದು, ಅವಳನ್ನ ಆಗಲ್ಲ."

ಬೋಟು ಓಡಿಸುವ ಮುದುಕ ಬರ್ಲ್ ಕೀಲಿಕೈ ಹಿಡಿದು ನಿಂತಿದ್ದ. ಅವನೂ ನನ್ನ ಬಾಯನ್ನೇ ನೋಡುತ್ತಿದ್ದ.

"ಹೋಗಿ" ಅಂದೆ.

7.20

ದೀಪ ಹಸಿರಾಯಿತು. ಜನರೇಟರ್ ಓಡುತ್ತಿದೆ. ನೆರೀಡಾ ಕೆಳಗಿಂದ ಕೂಗಿದಳು, "ಯಾರದು ಮಾಡಿದ್ದು? ಮುತ್ತು ಕೊಡ್ತೀನಿ ಅಂತ ಹೇಳು!"

ಆಮೇಲೆ ಬರ್ಲ್‌ನ ದನಿ. "ಒಡಾಲಿಸ್… ಕೋರಿ ಕೈ. ಬೋಟಿಗೂ ಜನರೇಟರಿಗೂ ಮಧ್ಯೆ ಸಿಕ್ಕಿಬಿಡ್ತು. ರಕ್ತ ನಿಲ್ತಿಲ್ಲ."

ಆಂಬುಲೆನ್ಸ್‌ಗೆ ಹೇಳಿದೆ. ಆಮ್ಲಜನಕ ಸರಿ. ಒತ್ತಡ ಸರಿ. ಬರೆದೆ.

9.40

ಬರ್ಲ್ ಮತ್ತೆ ಹೋಗಿ ಆರೂ ಜನರನ್ನು ಕರೆತಂದ. ಮಳೆ ಅಡ್ಡಡ್ಡ ಹೊಡೆಯುತ್ತಿದೆ. ನೆರೀಡಾ ಅಪ್ಪಿಕೊಂಡು ಅತ್ತಳು. ಅವಳ ಬಟ್ಟೆ ಒದ್ದೆ ಅನ್ನಿಸಿತು. ಅಷ್ಟೇ.

ಮಿಸ್ ವರ್ನಾಗೆ ನಾನೇ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಇಟ್ಟುಬಿಟ್ಟರು.

ಸೆಪ್ಟೆಂಬರ್ 12

ಊರಿಗೆ ವಾಪಸ್. ನನ್ನ ಮನೆಗೆ ಸೂರಿಲ್ಲ. ಅಡುಗೆಮನೆಯಲ್ಲಿ ಆಕಾಶ.

ಕೋರಿಯ ಬಲಗೈಯ ಮೂರು ಬೆರಳು ಹೋಗಿವೆ. ಹ್ಯಾಸ್ಕೆಲ್ ಪತ್ರ ಕಳಿಸಿದ್ದಾರೆ — "ನಾವು ಸಕಾಲಕ್ಕೆ ಕೈಗೊಂಡ ನಿರ್ಧಾರ." ನಾವು.

ಮಿಸ್ ವರ್ನಾ ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 15, ಸಂಜೆ 4

ಮಿಸ್ ವರ್ನಾ ಬಂದರು. ಗಾಡಿಯಲ್ಲಿ ಕೋರಿಯೂ ಇದ್ದ, ಇಳಿಯಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದರು.

"ಕಳಿಸಲ್ಲ ಅಂದಿದ್ದೆ."

"ಅಂದಿದ್ದೆ."

"ವೆಂಡೆಲ್ ಇದ್ದಿದ್ರೆ? ಅವನನ್ನೂ ಕಳಿಸ್ತಿದ್ಯಾ?"

ಯೋಚಿಸಲಿಲ್ಲ. "ಕಳಿಸ್ತಿದ್ದೆ."

ಒಳಗೆ ಬಂದರು. "ಇಲ್ಲ, ಅವನನ್ನ ಕಳಿಸ್ತಿರ್ಲಿಲ್ಲ ಅಂದಿದ್ರೆ ಹೀಗೇ ವಾಪಸ್ ಹೋಗ್ತಿದ್ದೆ." ತಲೆಯೆತ್ತಿ ಸೂರಿಲ್ಲದ ಮನೆ ನೋಡಿದರು. "ಇಲ್ಲೇನು ಮೀನಿನ ಹಾಗೆ ಒಣಗ್ತೀಯಾ? ನಡಿ. ಹಿಂದಿನ ಕೋಣೇಲಿ ಹಾಸಿಗೆ ಹಾಕಿದೀನಿ. ನನ್ ಜೊತೆ ಮಾತಾಡ್ಬೇಕು ಅಂತೇನಿಲ್ಲ. ನಾನೂ ಆಡಲ್ಲ."

ಹೊರಗೆ ಹಾರ್ನ್ ಆಗುತ್ತಿದೆ. ಕೋರಿ, ಎಡಗೈಯಲ್ಲಿ. ಏನು ತೆಗೆದುಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ಸೋಪು. ಎರಡು ಅಂಗಿ. ವೆಂಡೆಲ್‌ನ —